ಅಪ್ಪನ ಹೆಸರಿಗೆ ಬಂದ ಲಕೋಟೆ

ಕಾಕಾ ಅವರ ಬಲಗೈ ಹೆಬ್ಬೆರಳಿಗೆ ಒಣಗಿದ ಗೋಂದು ಸದಾ ಬೆಳ್ಳಗೆ ಹತ್ತಿಕೊಂಡಿರುತ್ತಿತ್ತು. ಎದುರಿಗೆ ಕೂತವರ ಮಾತು ಕೇಳುತ್ತ ಅದನ್ನು ಉಗುರಿನಿಂದ ಸಣ್ಣಗೆ ಕೆರೆದು ತೆಗೆಯುತ್ತಿದ್ದರು. ಮುಂದಿನ ಲಕೋಟೆ ಅಂಟಿಸಿದರೆ ಬೆರಳು ಮತ್ತೆ ಬಿಳಿ.

ನಾಸಿಕ್‌ನಲ್ಲಿ ನಮ್ಮ ವಕೀಲರ ಗುಮಾಸ್ತರು ಅವರು, ಬೀದರ ಜಿಲ್ಲೆಯವರು. ನಾನು ಕಾಕಾ ಎನ್ನುತ್ತಿದ್ದೆ. ಕೋರ್ಟಿನ ನೋಟಿಸುಗಳನ್ನು ಅಂಚೆಗೆ ಹಾಕುವುದು, ಪಡೆದವರ ಸಹಿ ಹೊತ್ತ ಕಾರ್ಡು ಹಿಂತಿರುಗಿದ ಮೇಲೆ ಅದನ್ನು ಪ್ರಮಾಣಪತ್ರದ ಜೊತೆ ಕೋರ್ಟಿಗೆ ಒಪ್ಪಿಸುವುದು ಅವರ ಕೆಲಸ. ಲಕೋಟೆಯ ಮೇಲೆ ಹೆಸರು ಬರೆಯುವ ಮುನ್ನ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು, ಕೊನೆಗೊಂದು 'ಅವರು' ಸೇರಿಸಿ. ಎಂಥ ಜಗಳಗಂಟನಿಗೂ ಅದೇ ಮರ್ಯಾದೆ. ನನಗೆ ನಗು ಬರುತ್ತಿತ್ತು.

ನಗುವ ಕಾಲವೇನೂ ಅದಾಗಿರಲಿಲ್ಲ. ಉಡುಪಿ ಕಡೆಯಿಂದ ಬಂದು ನಾಸಿಕ್‌ನಲ್ಲಿ ಹೋಟೆಲು ಕಟ್ಟಿದ ಅಪ್ಪ ಪಾರ್ಶ್ವವಾಯು ಬಡಿದು, ಮಾತು ನಿಂತು, ಮೊದಲು ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದಲ್ಲಿ ಚಿಕಲಠಾಣಾ ಬಳಿಯ ಆರೈಕೆ ಕೇಂದ್ರದಲ್ಲಿ ಮಲಗಿದ್ದರು. ಹೋಟೆಲಿನ ಜಾಗದ ಕರಾರು ಮುಗಿಯಲು ಬಂದಿತ್ತು. ಹೊಸ ಕರಾರಿಗೆ ಅಪ್ಪನ ಸಹಿ ಬೀಳದಿದ್ದರೆ ಹೋಟೆಲಿನ ಬಾಗಿಲು ಮುಚ್ಚಬೇಕು. ಅವರ ಪರವಾಗಿ ಸಹಿ ಮಾಡಲು ನನ್ನನ್ನು ಪಾಲಕಳಾಗಿ ನೇಮಿಸಿ ಎಂದು ಕೋರ್ಟಿಗೆ ಹೋಗಿದ್ದೆ. ಆ ಅರ್ಜಿಯ ನೋಟಿಸು ಮೊದಲು ಅಪ್ಪನಿಗೇ ಮುಟ್ಟಬೇಕೆಂದು ಕಾಕಾ ವಿಳಾಸ ಕೇಳಿದರು. ನಾನು ಜಾಣತನ ಮಾಡಿ ನಾಸಿಕ್ ಮನೆಯ ವಿಳಾಸ ಕೊಟ್ಟೆ. ಎರಡೇ ದಿನಕ್ಕೆ ಲಕೋಟೆ ಬಂತು. ಸಹಿ ಹಾಕಿ ನಾನೇ ತೆಗೆದುಕೊಂಡೆ.

ಕಾರ್ಡು ಕೈಸೇರಿದ ದಿನ ಕಾಕಾ ನನ್ನನ್ನು ಕರೆಸಿದರು. ನನ್ನ ಅರ್ಜಿಯ ಪಕ್ಕದಲ್ಲಿ ಅದನ್ನಿಟ್ಟು ಎರಡೂ ಸಹಿ ತೋರಿಸಿದರು.

"ಕಳಿಸಿದವರೂ ನೀವೇ, ತಗೊಂಡವರೂ ನೀವೇ. ನಡುವ ಅಪ್ಪಾರು ಎಲ್ಲಿ ಹೋದ್ರು ತಂಗಿ?"

"ಅವರಿಗೆ ಏನೂ ತಿಳಿಯುದಿಲ್ಲ ಕಾಕಾ, ಡಾಕ್ಟರೇ ಹೇಳಿದ್ದಾರೆ. ಸುಮ್ಮನೆ ದಿನ ಹಾಳು."

"ತಿಳೀತದೋ ಇಲ್ಲೋ ನನಗ ಗೊತ್ತಿಲ್ಲರಿ. ಕೇಸು ಅವರ ಮ್ಯಾಲ ಅದ. ಅವರಿಗಿ ಹೇಳ್ಲಾರದೆ ಹ್ಯಾಂಗ ನಡೀತದ?"

ಆ ಕಾರ್ಡನ್ನು ಅವರು ಕೋರ್ಟಿಗೆ ಕೊಡಲಿಲ್ಲ. ವಕೀಲರಿಗೆ ಹೇಳಿ ಮುಂದಿನ ತಾರೀಖು ಪಡೆದು, ಆರೈಕೆ ಕೇಂದ್ರದ ವಿಳಾಸಕ್ಕೆ ಹೊಸ ಲಕೋಟೆ ಅಂಟಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಈ ಮುದುಕನ ಹಟಕ್ಕೆ ಅಪ್ಪನ ಹೋಟೆಲು ಮುಳುಗುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಲಕೋಟೆ ಮುಟ್ಟಿದೆ ಎಂದು ತಿಳಿದ ಮೇಲೆ ಬಂದ ಭಾನುವಾರ, ರಜೆಯ ದಿನ, ಕಾಕಾ ನನ್ನ ಜೊತೆ ಬಸ್ಸು ಹತ್ತಿದರು. ದಾರಿಯಲ್ಲಿ ಯೇವಲಾದಲ್ಲಿ ಚಹಾ ಕೊಡಿಸಿದರು. ನಾನು ಲೋಟ ಹಿಡಿದು ಬೇರೆ ಬೆಂಚಿಗೆ ಹೋಗಿ ಕೂತೆ. ಕೇಂದ್ರದ ನರ್ಸು ಸಹಿ ಮಾಡಿ ತೆಗೆದುಕೊಂಡ ಲಕೋಟೆ ಅಪ್ಪನ ದಿಂಬಿನ ಪಕ್ಕದಲ್ಲಿ ಒಡೆಯದೆ ಬಿದ್ದಿತ್ತು.

ಕಾಕಾ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಅಪ್ಪನಿಗೆ ನಮಸ್ಕಾರ ಮಾಡಿದರು. ಕುರ್ಚಿ ಎಳೆದು ಕೂತು, ಮರಾಠಿಯಲ್ಲಿದ್ದ ಮೂರು ಪುಟಗಳನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು. ಅಪ್ಪನಿಗೆ ಏನೂ ಅರಿವಿಲ್ಲ ಎಂದು ನಾನು ಬರೆಸಿದ್ದ ಸಾಲನ್ನೂ ಬಿಡಲಿಲ್ಲ. ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿಕೊಂಡೆ.

"ನಿಮ್ಮ ಪರವಾಗಿ ಸಹಿ ಮಾಡ್ತೀನಿ ಅಂತಾಳ್ರಿ ಮಗಳು. ನಿಮ್ಮ ಮನಸಿನಾಗ ಏನದ ಯಜಮಾನ್ರ?"

ಹೀಗೆ ಕೇಳಿ, ಕಾದರು. ಗಡಿಯಾರ ನೋಡಲಿಲ್ಲ, ಗೋಂದು ಕೆರೆಯಲಿಲ್ಲ. ಮಾತು ನಿಂತ ಎಂಟು ತಿಂಗಳಲ್ಲಿ ಅಪ್ಪನಿಗೆ ಪ್ರಶ್ನೆ ಹಾಕಿದವರು ಬಹಳ ಮಂದಿ, ನಾನೂ ಸೇರಿ. ಉತ್ತರಕ್ಕೆ ಕಾದವರನ್ನು ನಾನು ಕಂಡದ್ದು ಅಂದೇ. ತುಂಬ ಹೊತ್ತಾದ ಮೇಲೆ ಅಪ್ಪನ ಎಡಗೈ ಹೊದಿಕೆಯ ಮೇಲೆ ಜಾರುತ್ತ ಬಂದು, ಕಾಕಾ ಓದಿ ಅಲ್ಲೇ ಇಟ್ಟಿದ್ದ ಕಾಗದದ ಮೇಲೆ ನಿಂತಿತು.

"ಒಪ್ಪಿದ್ರು ಕಾಕಾ! ಬರೆದುಕೊಳ್ಳಿ," ಎಂದೆ ಅಳುತ್ತ.

"ಕೈ ಅಲುಗಿದ್ದು ಕಂಡೀನಿ. ಅಷ್ಟು ಬರೀತೀನಿ. ಅದರ ಅರ್ಥ ನಾ ಹ್ಯಾಂಗ ಬರೀಲಿ ತಂಗಿ?"

ಪ್ರಮಾಣಪತ್ರದಲ್ಲಿ ಅಷ್ಟೇ ಬರೆದರು. ನ್ಯಾಯಾಧೀಶರು ಆ ಸಾಲನ್ನು ಎರಡು ಸಲ ಓದಿ, ಅಪ್ಪನನ್ನು ನೋಡಿಬರಲು ಬೇರೆ ವೈದ್ಯರನ್ನು ಕಳಿಸಿ, ಆಮೇಲೆ ನನ್ನನ್ನು ನೇಮಿಸಿದರು. ಹಳೆಯ ಕರಾರು ಮುಗಿಯಲು ಮೂರು ದಿನವಿದ್ದಾಗ ಹೊಸದಕ್ಕೆ ನನ್ನ ಸಹಿ ಬಿತ್ತು. ಅದಕ್ಕೂ ಮುಂಚೆ ಆ ಕರಾರನ್ನು ಅಪ್ಪನ ಪಕ್ಕದಲ್ಲಿ ಕೂತು ಓದಿದ್ದೆ. ಅಂದಿನಿಂದ ಓದಿ ಹೇಳದೆ ಯಾವ ಕಾಗದಕ್ಕೂ ಸಹಿ ಮಾಡಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹೂವಿನ ನಡುವೆ ಕಂಡ ಹೆಬ್ಬೆರಳಿನಲ್ಲಿ ಗೋಂದು ಇನ್ನೂ ಇತ್ತು. ಮರುದಿನ ಸಂಭಾಜಿನಗರಕ್ಕೆ ಹೋಗಿ, ಕುರ್ಚಿ ಎಳೆದು ಕೂತು, ಅಪ್ಪನಿಗೆ ಸುದ್ದಿ ಹೇಳಿದೆ. ಹೇಳಿ ಕಾದೆ. ಬಿಸಿಲು ಕಿಟಕಿಯಿಂದ ಮಂಚದವರೆಗೆ ಬಂತು.

ಅಪ್ಪನ ಎಡಗೈ ಅಲುಗಿತು. ಅಷ್ಟನ್ನೇ ಬರೆಯುತ್ತಿದ್ದೇನೆ.