ಅರ್ಧ ಚಿಪ್ಪಿನ ಕಾವಲು

ಆಸ್ಟ್ರೇಲಿಯಾದ ಪರ್ತಿನ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆ ಮಾಡಿದವರಿಗೇ ಹೋಳಿಗೆ ಉಳಿಯದೆ ಹೋದ ಮೇಲೆ, ಮರುವರ್ಷದ ಭದ್ರತೆಯ ಹೊಣೆಯನ್ನು ನನಗೆ ವಹಿಸಲಾಯಿತು. ಅದಕ್ಕೆ ಕಾರಣ ಎರಡು. ಒಂದು, ನಾನು ವೆಲ್ಷ್‌ಪೂಲಿನ ಗೋದಾಮೊಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಕಾರ್ಡು ತೋರಿಸದೆ ಶೌಚಾಲಯಕ್ಕೂ ಹೋಗುವಂತಿಲ್ಲ. ಎರಡು, ಆ ತೀರ್ಮಾನ ಕೈಗೊಂಡ ಸಭೆಗೆ ನಾನು ಹೋಗಿರಲಿಲ್ಲ.

ಹೋಳಿಗೆ ಮಾಡುವವರು ಎಪ್ಪತ್ತು ದಾಟಿದ, ಮೈಸೂರು ಕಡೆಯ ಒಬ್ಬ ಆಂಟಿ. ಸಂಘದಲ್ಲಿ ಅವರಿಗೆ ಹುದ್ದೆಯಿಲ್ಲ. ಅಧ್ಯಕ್ಷರು ಬದಲಾದರೆ ನಮ್ಮಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆಂಟಿ ಬದಲಾದರೆ ಊಟಕ್ಕೆ ಜನ ಬರುವುದಿಲ್ಲ. ಹಿಂದಿನ ಯುಗಾದಿಗೆ ಕೊನೆಯ ಪಂಕ್ತಿ ಎದ್ದ ಮೇಲೆ ಅವರು ಕೈತೊಳೆದು ಡಬ್ಬಿ ತೆರೆದಿದ್ದಾರೆ. ಒಳಗೆ ಬೆಣ್ಣೆ ಕಾಗದ ಮಾತ್ರ ಇತ್ತು. ಮೊಸರನ್ನ ತಿಂದು, ಏಳುವಾಗ ಹೇಳಿದರಂತೆ: "ಇರ್ಲಿ ಬಿಡಿ. ಇನ್ನೊಂದ್ಸಲ ನೋಡ್ತೀನಿ. ಆಗ್ಲೂ ಹೀಗೇ ಆದ್ರೆ ಅಂಗಡಿಯಿಂದ ಫ್ರೋಜನ್ ತರಿಸ್ಕೊಳ್ಳಿ."

ಫ್ರೋಜನ್ ಹೋಳಿಗೆ ತಿಂದವರಿಗೆ ಈ ಮಾತಿನ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಲೂಟಿಯ ವಿಧಾನವನ್ನು ನಾನು ಮೊದಲು ಅಧ್ಯಯನ ಮಾಡಿದೆ. ನಮ್ಮ ಜನ ಕದಿಯುವುದಿಲ್ಲ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಾದ್ರೂ ಹೆಲ್ಪ್ ಬೇಕಾ?" ಎಂದು ಕೇಳುತ್ತಾರೆ. ಉತ್ತರ ಬರುವ ಮೊದಲೇ ಒಳಗಿರುತ್ತಾರೆ. ರುಚಿ ನೋಡುತ್ತಾರೆ, ತಲೆಯಾಡಿಸುತ್ತಾರೆ, ಹೆಂಡತಿಯ ಅಭಿಪ್ರಾಯವೂ ಇರಲಿ ಎಂದು ಒಂದನ್ನು ಒಯ್ಯುತ್ತಾರೆ. ಹೀಗೆ ಸಹಾಯ ಮಾಡಿದವರಲ್ಲಿ ಒಬ್ಬರೂ ಒಂದು ಸೌಟು ತೊಳೆದ ದಾಖಲೆ ಇಲ್ಲ.

ಇದಕ್ಕೆ ಮದ್ದು ನನಗೆ ಸಿಕ್ಕಿದ್ದು ಚೀನಾದ ಚಕ್ರವರ್ತಿಗಳಲ್ಲಿ. ಆ ದಿನಗಳಲ್ಲಿ ಮಗಳಿಗೆ ಶಾಲೆಯಲ್ಲಿ ಚೀನಾದ ಅರಮನೆಯ ಬಗ್ಗೆ ಬರೆಯಲು ಕೊಟ್ಟಿದ್ದರು. ಸಹಾಯ ಮಾಡಲು ಕೂತ ನಾನು ಮೇಲೇಳಲಿಲ್ಲ. "ಅಪ್ಪಾ, ಇಟ್ಸ್ ಜಸ್ಟ್ ಎ ಪೋಸ್ಟರ್" ಎಂದು ಹೇಳಿ ಅವಳು ಮಲಗಲು ಹೋದಳು. ನಾನು ಓದುತ್ತ ಹೋದೆ. ಎಂಥ ಜನ! ಯಾರೂ ಸುರಂಗ ತೋಡಿ ಬರಬಾರದೆಂದು ಅಂಗಳಕ್ಕೆ ಇಟ್ಟಿಗೆಯ ಮೇಲೆ ಇಟ್ಟಿಗೆ, ಪದರದ ಮೇಲೆ ಪದರ. ಮರೆಯಲ್ಲಿ ಅಡಗಬಾರದೆಂದು ಮುಂದಿನ ಅಂಗಳಗಳಲ್ಲಿ ಒಂದು ಮರವೂ ಇಲ್ಲ. ಹೊತ್ತು ಮುಳುಗಿದರೆ ಬಾಗಿಲು ಬಂದ್. ಎಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಜೋಡಿ ಬಿಲ್ಲೆ: ಒಂದೇ ಕಂಚಿನ ಬಿಲ್ಲೆಯನ್ನು ಎರಡು ಹೋಳು ಮಾಡಿ, ಒಂದು ಹೋಳು ಬಾಗಿಲಲ್ಲಿ, ಇನ್ನೊಂದು ಬರುವವನ ಕೈಯಲ್ಲಿ. ಎರಡೂ ಕೂಡಿದರೆ ಬಾಗಿಲು ತೆರೆಯುತ್ತದೆ. ಕೂಡದಿದ್ದರೆ ಬಂದವನು ಯಾರೇ ಆಗಿರಲಿ, ಹೊರಗೇ.

ನಮ್ಮಲ್ಲಿ ಕಂಚು ಇರಲಿಲ್ಲ. ತೆಂಗಿನ ಚಿಪ್ಪು ಇತ್ತು. ಒಡೆದ ಕಾಯಿಯ ಒಂದು ಹೋಳು ತನ್ನ ಜೋಡಿಗಲ್ಲದೆ ಬೇರೆ ಯಾವುದಕ್ಕೂ ಕೂಡುವುದಿಲ್ಲ. ಚಕ್ರವರ್ತಿಗೆ ಇದು ಹೊಳೆದಿದ್ದರೆ ಎಷ್ಟೋ ಲೋಹ ಉಳಿಯುತ್ತಿತ್ತು. ಬಡಿಸುವವರಿಗೆಲ್ಲ ಒಂದೊಂದು ಅರ್ಧ ಚಿಪ್ಪು ಕೊಟ್ಟು, ಉಳಿದರ್ಧಗಳನ್ನು ಅಡುಗೆಮನೆಯ ಬಾಗಿಲಲ್ಲಿ ಬುಟ್ಟಿಯಲ್ಲಿಟ್ಟೆ. ಅಡುಗೆಮನೆಗೆ ಹೋಗುವ ಓಣಿಯಲ್ಲಿದ್ದ ಒಂದು ಹೂಕುಂಡವನ್ನೂ ತೆಗೆಸಿದೆ. ಅದರ ಹಿಂದೆ ಮನುಷ್ಯನ ಮೊಣಕಾಲು ಮಾತ್ರ ಅಡಗಬಹುದಿತ್ತು. ಆದರೂ ತತ್ವ ತತ್ವವೇ.

ಅಡುಗೆಮನೆಯ ಮುಂಬಾಗಿಲಿಗೆ ಗಲ್ಫಿನಲ್ಲಿ ಹಲವು ವರ್ಷ ಸೇಫ್ಟಿ ಆಫೀಸರ್ ಆಗಿದ್ದ ಮಂಗಳೂರಿನ ಗೆಳೆಯರನ್ನು ನಿಲ್ಲಿಸಿದೆ. ಕಸದ ಡಬ್ಬಗಳ ಕಡೆಗಿದ್ದ ಹಿಂಬಾಗಿಲಿಗೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ತರುಣ. ಊಟದ ದಿನ ಬೆಳಿಗ್ಗೆ ಕಾವಲಿನವರಿಗೆ ಸ್ಫೂರ್ತಿ ಬರಲೆಂದು ನಾನು ಓದಿದ್ದ ಒಂದು ಕತೆ ಹೇಳಿದೆ. ಒಬ್ಬ ಚಕ್ರವರ್ತಿ ಬೇಟೆ ಮುಗಿಸಿ ಕತ್ತಲಾದ ಮೇಲೆ ಬಂದ. ಬಾಗಿಲಿನವನು ತೆರೆಯಲಿಲ್ಲ. ಚಕ್ರವರ್ತಿ ಇನ್ನೊಂದು ಬಾಗಿಲಿಗೆ ಹೋದ, ಅಲ್ಲಿಯವನು ತೆರೆದ. ಮರುದಿನ ತೆರೆಯದವನಿಗೆ ಬಹುಮಾನ, ತೆರೆದವನಿಗೆ ಹಿಂಬಡ್ತಿ.

ಮಂಗಳೂರಿನವರು ಕಣ್ಣು ಅರಳಿಸಿ ಕೇಳಿದರು. ಬೆಂಗಳೂರಿನವನು ಆ ಹೊತ್ತಿಗೆ ಪಾರ್ಕಿಂಗ್ ಹುಡುಕುತ್ತಿದ್ದ.

ಮೊದಲ ಎರಡು ಪಂಕ್ತಿಗಳ ತನಕ ಅರಮನೆ ಅಭೇದ್ಯವಾಗಿತ್ತು. ಸಹಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಮಂಗಳೂರಿನವರು, "ಹೋಳು ಉಂಟಾ?" ಎಂದು ಕೇಳಿದರು. ಒಬ್ಬರು ಪಕ್ಕದ ಕಸದ ಬಿನ್ನಿನಿಂದ ಒಂದು ಚಿಪ್ಪು ಹೆಕ್ಕಿ ತಂದರು. ಅದು ಯಾವುದಕ್ಕೂ ಕೂಡಲಿಲ್ಲ. "ನಿಮ್ಮದು ಬೇರೆ ಮರದ್ದು," ಎಂದು ಕಳಿಸಿದರು. ಒಳಗೆ ಡಬ್ಬಿ ತುಂಬಿತ್ತು. ನಾನು ಓಣಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ಓಡಾಡಿದೆ.

ಆಗ ಆಂಟಿಗೆ ತುಪ್ಪ ನೆನಪಾಯಿತು. ತುಪ್ಪದ ಭರಣಿ ಅವರ ಮಗಳ ಕಾರಿನಲ್ಲಿತ್ತು. ಹೋಗಿ ತಂದರು. ಅಡುಗೆಯವರು ಒಳಗೇ ಇರುವವರಾದ್ದರಿಂದ ಅವರಿಗೆ ನಾನು ಚಿಪ್ಪು ಕೊಟ್ಟಿರಲಿಲ್ಲ.

"ಹೋಳು ಉಂಟಾ ಆಂಟಿ?"

"ಎಂಥ ಹೋಳಪ್ಪಾ? ಹೋಳಿಗೆ ಮಾಡೋಳೇ ನಾನು."

"ಹೌದು, ಎಲ್ಲರೂ ಹಾಗೇ ಹೇಳುದು."

"ಕೈ ನೋಡು, ಮೈದಾ ಮೆತ್ಕೊಂಡಿದೆ."

"ಆಗ ಒಬ್ಬರು ಪೌಡರ್ ಹಚ್ಚಿಕೊಂಡು ಬಂದಿದ್ರು ಆಂಟಿ. ನಂಗೆ ನೀವು ಯಾರಂತ ಗೊತ್ತುಂಟು. ಅದು ಪ್ರಶ್ನೆ ಅಲ್ಲ. ಚೀನಾದಲ್ಲಿ ರಾಜನನ್ನೇ ಬಿಡ್ಲಿಲ್ಲ."

ಆಂಟಿ ಮಂಗಳೂರಿನವರನ್ನು ಒಮ್ಮೆ ನೋಡಿ, ಭರಣಿ ಎತ್ತಿಕೊಂಡು, ಚರಿತ್ರೆಯಲ್ಲಿ ನಡೆದಂತೆಯೇ ಇನ್ನೊಂದು ಬಾಗಿಲಿಗೆ ನಡೆದರು. ದಾರಿಯಲ್ಲಿ ಜನ ಕಂಡರು. ಭಾರದ ಭರಣಿ ಹಿಡಿದ ಹಿರಿಯರನ್ನು ನೋಡಿ ಸುಮ್ಮನಿರುವುದುಂಟೇ? ಒಬ್ಬರು ಭರಣಿ ತೆಗೆದುಕೊಂಡರು. ಇನ್ನೊಬ್ಬರು ಮುಚ್ಚಳ. ಮತ್ತೊಬ್ಬರು ಚಮಚ. ಒಬ್ಬರು ಆಂಟಿಯ ಸೆರಗು ನೆಲಕ್ಕೆ ತಾಗದಂತೆ ನೋಡಿಕೊಂಡರು. ಉಳಿದವರು ದಾರಿ ಬಿಡಿ ಎಂದು ಕೂಗುತ್ತ ಹಿಂದೆ ಬಂದರು, ದಾರಿಯಲ್ಲಿ ಯಾರೂ ಇಲ್ಲದಿದ್ದರೂ.

ಹಿಂಬಾಗಿಲಿನವನು ಬಾಗಿಲನ್ನು ಪೂರ್ತಿ ತೆರೆದು ಹಿಡಿದ.

ಗದ್ದಲ ಕೇಳಿ ನಾನು ಒಳಗೆ ಓಡಿದೆ. ಪರಿವಾರ ಆಗಲೇ ತುಪ್ಪದ ರುಚಿ ನೋಡುತ್ತಿತ್ತು. ತುಪ್ಪದ ರುಚಿಯನ್ನು ಬರಿಯ ತುಪ್ಪದಲ್ಲಿ ನೋಡಲಾಗುವುದಿಲ್ಲವಲ್ಲ. ಎಲ್ಲರನ್ನೂ ಹೊರಗೆ ಕಳಿಸುವ ಹೊತ್ತಿಗೆ ಡಬ್ಬಿಯಲ್ಲಿ ಬೆಣ್ಣೆ ಕಾಗದ ಕಾಣುತ್ತಿತ್ತು.

"ಯಾಕಯ್ಯಾ ತೆಗೆದೆ?" ಎಂದು ಹಿಂಬಾಗಿಲಿನವನನ್ನು ಕೇಳಿದೆ.

"ಆಂಟಿ ಬಂದ್ಬಿಟ್ರು ಸರ್. ಆಂಟಿನ ಹೊರಗೆ ನಿಲ್ಸೋಕಾಗುತ್ತಾ?"

ಮುಂಬಾಗಿಲಿನವರು ಇಷ್ಟೆಲ್ಲ ಆದರೂ ಜಾಗ ಬಿಟ್ಟು ಕದಲಿರಲಿಲ್ಲ. ಒಂದು ತುಂಡು ಹೋಳಿಗೆಯೂ ಅವರ ಬಾಯಿಗೆ ಬಿದ್ದಿರಲಿಲ್ಲ. ಆಂಟಿ ಎಲ್ಲರನ್ನೂ ಕರೆದು, ಆ ರಾಜನ ಕತೆ ಏನೆಂದು ನನ್ನನ್ನು ಕೇಳಿದರು. ಪೂರ್ತಿ ಹೇಳಿದೆ, ಬಹುಮಾನ, ಹಿಂಬಡ್ತಿ ಸಮೇತ.

"ಆ ರಾಜ ಆಮೇಲೆ ಊಟ ಮಾಡಿದ್ನಾ?"

"ಅದನ್ನ ಬರೆದಿರಲಿಲ್ಲ ಆಂಟಿ."

"ಅದನ್ನೇ ಮೊದಲು ಬರೀಬೇಕಿತ್ತು."

ಪಾತ್ರೆಯ ತಳದಲ್ಲಿ ಒಂದಿಷ್ಟು ಹೂರಣ, ತಟ್ಟೆಯಲ್ಲಿ ಒಂದಿಷ್ಟು ಕಣಕ ಉಳಿದಿತ್ತು. ಆಂಟಿ ಹೆಂಚು ಕಾಯಿಸಿ ಎರಡು ಹೋಳಿಗೆ ಮಾಡಿದರು. ಒಂದನ್ನು ಮಂಗಳೂರಿನವರ ಕೈಗೆ ಕೊಟ್ಟರು. ಇನ್ನೊಂದಕ್ಕೆ ತುಪ್ಪ ಸುರಿದು, ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ನಿಧಾನವಾಗಿ ತಿಂದರು. ಬೆಂಗಳೂರಿನವನನ್ನು ಅಷ್ಟರಲ್ಲಿ ಪಾತ್ರೆ ತೊಳೆಯಲು ಕಳಿಸಲಾಗಿತ್ತು.

"ಮುಂದಿನ ವರ್ಷ ಆಂಟಿ..." ಎಂದೆ.

"ಬರ್ತೀನಿ. ಆದ್ರೆ ಬಾಗಿಲಲ್ಲಿ ನಾನು ಕೂತ್ಕೋತೀನಿ, ಲಟ್ಟಣಿಗೆ ಹಿಡ್ಕೊಂಡು. ಚಿಪ್ಪುಗಿಪ್ಪು ಬೇಡ. ಹೆಂಚಿನ ಮುಂದೆ ನೀನು ನಿಂತ್ಕೋ."

ಅಂದಿನಿಂದ ಶನಿವಾರದ ಮಧ್ಯಾಹ್ನಗಳಲ್ಲಿ ಆಂಟಿಯ ಅಡುಗೆಮನೆಯಲ್ಲಿ ನನ್ನ ತರಬೇತಿ ನಡೆದಿದೆ. ಹೂರಣ ಹೊರಗೆ ಬರುತ್ತದೆ. ಒಳಗಿರಬೇಕಾದ್ದನ್ನು ಒಳಗಿಡುವುದು ಎಷ್ಟು ಕಷ್ಟವೆಂದು ಈಗ ತಿಳಿಯುತ್ತಿದೆ. ಮೊನ್ನೆ ಮಂಗಳೂರಿನ ಗೆಳೆಯರು ಬಂದು ನಾನು ಮಾಡಿದ ಒಂದನ್ನು ತಿಂದು, ನೀರು ಕುಡಿದು, ಸ್ವಲ್ಪ ಯೋಚಿಸಿದರು.

"ಸರ್," ಎಂದರು, "ಈ ಸಲ ಎರಡೂ ಬಾಗಿಲು ತೆರೆದೇ ಇಡುವ. ಯಾರೂ ಮುಟ್ಟುದಿಲ್ಲ."