ಗ್ಯಾಸ್ ಗುಂಡಿಯ ಮುದ್ದಮ್ಮ

ನಾನು ಕೂತರೆ ನೆಲ ಕುಸಿಯುತ್ತದೆ ಎಂದು ಒಂದು ಬೆಳಿಗ್ಗೆ ಮನಃಪೂರ್ವಕವಾಗಿ ನಂಬಿದ್ದೆ.

ತೊಂಬತ್ತಾರನೇ ಇಸವಿ. ನಂಜನಗೂಡಿನ ಫ್ಯಾಕ್ಟರಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಕ್ಕೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಅದನ್ನು ‘ಕಂಪನಿ ಕೆಲಸ’ ಎನ್ನುತ್ತಿದ್ದರು, ನಾನೂ ತಿದ್ದಲು ಹೋಗಲಿಲ್ಲ. ಟಿ. ನರಸೀಪುರದ ಕಡೆಯ ನಮ್ಮೂರಿಂದ ದಿನಾ ಓಡಾಡುವುದು ಆಗದ ಮಾತು ಅಂತ ಹುಲ್ಲಹಳ್ಳಿ ರಸ್ತೆಯಲ್ಲಿರುವ ದೊಡ್ಡಮ್ಮನ ಊರಿಗೆ ಬಂದು ಬಿದ್ದೆ. ಬಂದ ಮಾರನೇ ಬೆಳಿಗ್ಗೆ ಹಿತ್ತಲಿಗೆ ಹೋದರೆ ಬಾವಿಯಂಥ ಒಂದು ಗುಂಡಿ, ಅದರೊಳಗಿಂದ ಎದ್ದು ನಿಂತ ದುಂಡನೆಯ ಕಬ್ಬಿಣದ ಡ್ರಮ್ಮು. ನೀರಿನ ತೊಟ್ಟಿಯ ಮುಚ್ಚಳ ಇರಬೇಕು ಅಂದುಕೊಂಡು, ಹಲ್ಲುಜ್ಜುತ್ತಾ ಅದರ ಮೇಲೆ ಕೂತೆ. ಕೂತದ್ದೇ ತಡ, ಅದು ನನ್ನನ್ನು ಹೊತ್ತುಕೊಂಡು ಕೆಳಕ್ಕೆ ಹೊರಟಿತು. ಜೋರಾಗಿ ಏನಲ್ಲ, ಮಂಡಿ ನೋವಿರುವ ಮುದುಕರು ಪಂಕ್ತಿಯಲ್ಲಿ ಕೂರುವ ಹಾಗೆ ಮೆಲ್ಲಗೆ. ಅಂಚಿನಲ್ಲಿ ಬುಳಬುಳ ಸದ್ದು ಬೇರೆ. ಬಾಯಿ ತುಂಬ ನೊರೆ ಇದ್ದದ್ದರಿಂದ ಕೂಗಲೂ ಆಗಲಿಲ್ಲ. ಎದ್ದರೆ ಇನ್ನೇನಾಗುತ್ತದೋ ಎಂದು ಹಾಗೇ ಕೂತಿದ್ದೆ.

ಒಳಗಿಂದ ದೊಡ್ಡಮ್ಮನ ದನಿ ಬಂತು. “ಯಾವನ್ಲಾ ಅವ್ನು ಡ್ರಮ್ ಮೇಲ್ ಕುಂತಿರೋನು? ಉರಿ ಮೊಳ ಎದ್ದದೆ ಇಲ್ಲಿ. ಇಳೀಲಾ, ಇಟ್ಟು ಸೀದೋಯ್ತದೆ.”

ಡ್ರಮ್ಮಿನ ಅಡಿಯಲ್ಲಿದ್ದದ್ದು ಸಗಣಿಯ ಗ್ಯಾಸು. ನನ್ನ ಭಾರಕ್ಕೆ ಅದು ಪೈಪಿನೊಳಗೆ ನುಗ್ಗಿ ಒಲೆಯಲ್ಲಿ ಎದ್ದಿತ್ತು. ಆ ಮನೆಯ ಅಡುಗೆಗೆ ನನ್ನಿಂದ ಒದಗಿದ ಸಹಾಯ ಅಷ್ಟೇ, ಅದೂ ಸೀದ ಹಿಟ್ಟು.

ಆ ದೊಡ್ಡಮ್ಮನೇ ಮುದ್ದಮ್ಮ, ನಮ್ಮವ್ವನ ಅಕ್ಕ. ಒಣಗಿದ ಎತ್ತರದ ಹೆಂಗಸು. ನಗುವುದು ಕಡಿಮೆ, ಅಳುವುದು ಇನ್ನೂ ಕಡಿಮೆ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ತೊಗರಿ ಕಡ್ಡಿ, ತೆಂಗಿನ ಗರಿ ಉರಿಸಿ ಉರಿಸಿ ಆಕೆಗೆ ದಮ್ಮು ಹತ್ತಿತ್ತು. ಹೊಗೆಯಿಂದ ದೂರ ಇರಬೇಕು ಎಂದು ನಂಜನಗೂಡಿನ ಡಾಕ್ಟರು ಹೇಳಿದ್ದರು. ಅಡುಗೆ ಮಾಡುವವಳು ಹೊಗೆಯಿಂದ ದೂರ ಇರುವುದು ಹೇಗೆ ಎಂದು ಅವರು ಹೇಳಲಿಲ್ಲ. ದೊಡ್ಡಪ್ಪ ಗೋವಿಂದಯ್ಯ ಆಸ್ಪತ್ರೆಯಿಂದ ಬಂದವರು ವಾರದೊಳಗೆ ಗೋಬರ್ ಗ್ಯಾಸಿನ ವಿಚಾರ ಕೇಳಿ ತಿಳಿದುಕೊಂಡರಂತೆ. ಆಮೇಲೆ ಸರ್ಕಾರದ ಸಬ್ಸಿಡಿಗೆ ಅರ್ಜಿ ಹಾಕಿ, ಮಗ ನಟರಾಜನ ಜೊತೆ ತಾವೇ ಗುಂಡಿ ತೋಡಿದರು.

ಬೀದಿಯವರು ಮೊದಲು ಮೂಗು ಹಿಡಿದರು. ದೊಡ್ಡಪ್ಪನ ಅಕ್ಕ ಚನ್ನಾಜಮ್ಮನಂತೂ, “ಸಗಣಿ ಗಾಳೀಲಿ ಬೆಂದ ಅನ್ನ ನಂಗ್ ಬ್ಯಾಡ ಕಣಪ್ಪ” ಎಂದು ತಮ್ಮನ ಮನೆಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಊರಿನ ಸೌದೆಯೆಲ್ಲ ನೆನೆದು ಹೋದಾಗ ಮೂಗು ಬಿಟ್ಟು ಬಂದು ಉಂಡಳು.

ಗುಂಡಿಯ ಕೆಲಸ ಮಾತ್ರ ದಿನವೂ ಇರುತ್ತಿತ್ತು. ಮುದ್ದಮ್ಮ ಬೆಳಗಾಗುವ ಮೊದಲೇ ಎದ್ದು ಒಂದು ಜೊತೆ ಎತ್ತು, ಒಂದು ಹಸುವಿನ ಸಗಣಿ ಬಾಚಿ, ತೊಟ್ಟಿಗೆ ಹಾಕಿ, ನೀರು ಹೊಯ್ದು ಕೈಯಲ್ಲೇ ಕಲಸುತ್ತಿದ್ದಳು. ಹುಲ್ಲಿನ ಕಡ್ಡಿ ಸಿಕ್ಕಿದರೆ ಆರಿಸಿ ಬಿಸಾಡಿ, ಬಿರಡೆ ಎಳೆದು ಗುಂಡಿಗೆ ಬಿಡುತ್ತಿದ್ದಳು. ಒಂದು ಕಡೆ ಹೋದಷ್ಟು ಇನ್ನೊಂದು ಕಡೆ ಬಗ್ಗಡವಾಗಿ ಹೊರಬಂದು ಗದ್ದೆಗೆ ಹೋಗುತ್ತಿತ್ತು. ಡ್ರಮ್ಮು ಬೆಳಿಗ್ಗೆ ಎದ್ದಿರುತ್ತಿತ್ತು, ಅಡುಗೆ ಮುಗಿಯುವ ಹೊತ್ತಿಗೆ ಕೂತಿರುತ್ತಿತ್ತು. ಅದು ಎಷ್ಟು ಎದ್ದಿದೆ ಎಂದು ನೋಡಿಯೇ ಅವತ್ತು ಹುರುಳಿಕಾಳು ಬೇಯುತ್ತದೋ, ಬರೀ ಚಟ್ನಿಯೋ ಎಂದು ನಮಗೆ ಗೊತ್ತಾಗುತ್ತಿತ್ತು. ಸ್ನಾನದ ನೀರಿಗೆ ಮಾತ್ರ ಗ್ಯಾಸು ಸಾಲದು. ಹಿತ್ತಲ ಹಂಡೆಗೆ ಕಬ್ಬಿನ ತರಗು ತುರುಕುವುದು ನನ್ನ ಮತ್ತು ನಟರಾಜನ ಪಾಲು. ಆ ಕೆಲಸದಲ್ಲಿ ನಾನು ಎರಡು ಸಲ ಹುಬ್ಬು ಸುಟ್ಟುಕೊಂಡಿದ್ದೇನೆ.

ತೊಂಬತ್ತೊಂಬತ್ತರಲ್ಲಿ ಗೋವಿಂದಯ್ಯ ಹೋದರು. ಆಲೆಮನೆಗೆ ಕಬ್ಬು ಹೊಡೆದು ಸಂಜೆ ಬಂದವರು ಎತ್ತು ಬಿಚ್ಚಿ ಕಟ್ಟಿ, ಹುಲ್ಲು ಹಾಕಿ, ಜಗಲಿ ಮೇಲೆ ಕೂತು ಗೋಡೆಗೆ ಒರಗಿದರು. ಕಾಫಿ ತಂದ ಮುದ್ದಮ್ಮ ಕರೆದಳು, ಏಳಲಿಲ್ಲ. ಲೋಟವನ್ನು ಅಲ್ಲೇ ಕೆಳಗಿಟ್ಟು ನಮ್ಮನ್ನು ಕರೆದಳು. ಅವಳ ದನಿ ಊಟಕ್ಕೆ ಕರೆಯುವಾಗ ಇರುವಷ್ಟೇ ಇತ್ತು.

ಸಾವಾದ ಮನೆಯಲ್ಲಿ ಮೂರನೇ ದಿನದ ಹಾಲು-ತುಪ್ಪ ಆಗುವ ತನಕ ಒಲೆ ಹಚ್ಚುವ ಹಾಗಿಲ್ಲ, ನೆಂಟರ ಮನೆಯಿಂದ ಅನ್ನ ಬರುತ್ತದೆ. ಹಿಂದಿನವರು ಇದನ್ನು ಮಾಡಿದ್ದು ಸೌದೆ ಒಲೆಗೆ. ಹಚ್ಚದ ಸೌದೆ ಬಿದ್ದಲ್ಲೇ ಬಿದ್ದಿರುತ್ತದೆ. ಗ್ಯಾಸು ಹಾಗಲ್ಲ. ಖರ್ಚಿಲ್ಲದೆ ಡ್ರಮ್ಮು ಏರಿ ಏರಿ, ಎರಡನೇ ದಿನ ಕೊನೆ ಮುಟ್ಟಿ, ಅಂಚಿನಿಂದ ಗ್ಯಾಸು ಉಕ್ಕತೊಡಗಿತು. ಹಿತ್ತಲೆಲ್ಲ ವಾಸನೆ. ಮಣ್ಣಿಗೆ ಬಂದು ಉಳಿದಿದ್ದ ಗಂಡಸರು ಅಲ್ಲೇ ಕೂತು ಬೀಡಿ ಹಚ್ಚುತ್ತಿದ್ದರು.

“ಒಲೆ ಅಚ್ಚಿ ಖಾಲಿ ಮಾಡ್ಬುಡಿ, ಎತ್ಲಾಗಾರ ಬೆಂಕಿ ಬಿದ್ದಾತು” ಎಂದ ಬೀದಿಯ ಯಜಮಾನ ಮಾರಯ್ಯ.

“ಸಾವಿನ್ ಮನೇಲಿ ಒಲೆ ಅಚ್ಚದಾ?” ಚನ್ನಾಜಮ್ಮ ಎದ್ದು ನಿಂತಳು.

“ಸೌದೆ ಇಲ್ಲ, ಬೂದಿ ಇಲ್ಲ. ಅದೆಂಗ್ ಒಲೆ ಆಯ್ತದೆ ಚನ್ನಾಜಿ?”

“ಬೆಂಕಿ ಬೆಂಕೀನೇ ಕಣ್ ಮಾರಣ್ಣ.”

ಬೀಡಿಯದ್ದೂ ಬೆಂಕಿಯೇ ಅಲ್ಲವಾ ಎಂದು ನಾನು ಬಾಯಿ ಹಾಕಿದೆ. ಎಲ್ಲರೂ ನನ್ನನ್ನು ನೋಡಿದರು. “ಓದ್ದೋನು” ಎಂದು ಯಾರೋ ಮೆಲ್ಲಗೆ ಅಂದರು. ಹತ್ತನೇ ಕ್ಲಾಸಿನಲ್ಲಿ ನಾನು ಗಣಿತಕ್ಕೆ ಎರಡು ಸಲ ಕೂತಿದ್ದು ಅವರಿಗೆ ಗೊತ್ತಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮುದ್ದಮ್ಮ ಎದ್ದಳು. ಅಡುಗೆಮನೆಗೆ ಹೋಗಿ ಗ್ಯಾಸಿನ ಕೊಳಾಯಿ ತಿರುಗಿಸಿ ಒಲೆ ಹಚ್ಚಿದಳು. ಮೇಲೆ ಪಾತ್ರೆ ಏನೂ ಇಡಲಿಲ್ಲ. ಬಂದು ಅದೇ ಮೂಲೆಯಲ್ಲಿ ಕೂತಳು. ಖಾಲಿ ಒಲೆ ಮಧ್ಯಾಹ್ನದವರೆಗೆ ನೀಲಿಯಾಗಿ ಉರಿಯಿತು. ಉರಿ ತಾನಾಗಿ ಸಣ್ಣಗಾದ ಮೇಲೆ ಮತ್ತೆ ಎದ್ದು ಕೊಳಾಯಿ ಮುಚ್ಚಿ, ಹಾಗೇ ಹಿತ್ತಲಿಗೆ ಹೋಗಿ ಅವತ್ತಿನ ಸಗಣಿ ಕಲಸತೊಡಗಿದಳು.

“ಗಂಡ ಮಣ್ಣಾಗಿ ಒಂದಿನ ಆಗಿಲ್ಲ, ಸಗಣಿ ಕಲುಸ್ತಾವ್ಳೆ. ಕಣ್ಣಲ್ಲಿ ಒಂದ್ ತೊಟ್ಟಿಲ್ಲ” ಎಂದಳು ಚನ್ನಾಜಮ್ಮ, ಕೇಳಿಸುವ ಹಾಗೆಯೇ.

“ಎತ್ತು ಸಗಣಿ ಆಕೋದ ನಿಲ್ಸಿಲ್ವಲ್ಲಕ್ಕ” ಎಂದಳು ಮುದ್ದಮ್ಮ.

ಎತ್ತು ಇದ್ದವು, ಹೂಡುವವರು ಇರಲಿಲ್ಲ. ನಟರಾಜ ನನ್ನ ಫ್ಯಾಕ್ಟರಿಯಲ್ಲೇ ಹೆಲ್ಪರ್ ಆಗಿ ಸೇರಿದ್ದ. ಬೆಳಗಿನ ಶಿಫ್ಟಿಗೆ ಸರಿಯಾಗಿ ಬರುವವರನ್ನು ಕಾಯಂ ಮಾಡುತ್ತೇವೆ ಎಂದು ಸೂಪರ್‌ವೈಸರ್ ಆಸೆ ತೋರಿಸಿದ್ದರು. ಆದರೆ ದೊಡ್ಡಮ್ಮನ ಊರಿಗೆ ಬರುವ ಮೊದಲ ಬಸ್ಸು ಶಿಫ್ಟು ಶುರುವಾದ ಮೇಲೆ ನಂಜನಗೂಡು ಮುಟ್ಟುತ್ತಿತ್ತು. ಅವನನ್ನು ಗೇಟಿನಲ್ಲಿ ನಿಲ್ಲಿಸಿ ವಾಪಸ್ ಕಳಿಸಲು ಶುರು ಮಾಡಿದರು. ನನಗೆ ಕಾಯಂ ಆಗುವ ಭಯ ಇರಲಿಲ್ಲ, ಮಧ್ಯಾಹ್ನದ ಶಿಫ್ಟು ಕೇಳಿ ಪಡೆದಿದ್ದೆ.

ಒಂದು ಭಾನುವಾರ ಜಗಲಿಯಲ್ಲಿ ಗಾಡಿಯ ಮಾತು ಬಂತು. ಪೆಟ್ರೋಲ್ ಗಾಡಿಯನ್ನು ಹಿಂದಿನ ಸೀಟಿನಿಂದ ಮಾತ್ರ ಬಲ್ಲ ನಾನು ಮೈಲೇಜಿನ ಬಗ್ಗೆ ಒಂದು ಭಾಷಣ ಮಾಡಿ, “ಮೊಪೆಡ್ ತಗೊಳೋ. ಮುಂದೆ ಜಾಗ ಇರುತ್ತೆ, ಬರ್ತಾ ಎತ್ತಿಗೆ ಹುಲ್ಲಿನ ಹೊರೆ ಹಾಕ್ಕೊಂಡ್ ಬರಬಹುದು” ಎಂದೆ.

“ಎತ್ತು ಮಾರಿ ತಾನೇ ಗಾಡಿ ತಗೊಳೋದು?” ಎಂದ ನಟರಾಜ. “ಹುಲ್ಲು ನಿಂಗಾ?”

ಎತ್ತು ಮಾರುವ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಅಂದವನೇ ತಲೆ ತಗ್ಗಿಸಿದ. ಮುದ್ದಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ನಿಲ್ಲಲಿಲ್ಲ.

“ಮಾರು” ಎಂದಳು.

“ಗ್ಯಾಸು, ಅವ್ವ?”

“ಅಸ ಒಂದ್ ಅದೆಯಲ್ಲ.”

ದಲ್ಲಾಳಿ ಮನೆಗೇ ಬಂದ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಯಿತು. ಮುದ್ದಮ್ಮ ಎತ್ತುಗಳ ಕೊರಳಿನ ಗಂಟೆ ಬಿಚ್ಚಿಕೊಂಡು, ಹಗ್ಗ ಅವನ ಕೈಗೆ ಕೊಟ್ಟು, ಹಿಟ್ಟಿನ ಎಸರು ಉಕ್ಕುತ್ತಿದೆ ಎಂದು ಒಳಗೆ ಹೋದಳು. ಎತ್ತು ಬೀದಿ ತಿರುಗುವವರೆಗೆ ನಾನೂ ನಟರಾಜನೂ ನಿಂತಿದ್ದೆವು. ಅವನ ಕಣ್ಣು ಕೆಂಪಗಿತ್ತು. ಮುಂದಿನ ವಾರ ಬೈಕು ಬಂತು.

ಒಂದು ಹಸುವಿನ ಸಗಣಿಗೆ ಒಂದು ಸಲದ ಕಾಫಿಯಷ್ಟು ಗ್ಯಾಸು ಬರುತ್ತದೆ ಎಂದು ಆಮೇಲೆ ತಿಳಿಯಿತು. ಇದಕ್ಕೂ ನನ್ನ ಬಳಿ ಉಪಾಯ ಇತ್ತು. ಊರಲ್ಲಿ ಇಷ್ಟು ದನ ಇವೆ, ಮನೆಗೊಂದು ಬುಟ್ಟಿ ತಂದರಾಯಿತು ಎಂದೆ. ಕಂಪನಿ ಶರ್ಟು ಹಾಕಿಕೊಂಡೇ ಬಕೆಟ್ ಹಿಡಿದು ಹೊರಟೆ. ಮೊದಲ ದಿನ ಸಿಕ್ಕಿತು. ಮರುದಿನ ಶುಕ್ರವಾರ. ಕೆರೆ ಹತ್ತಿರದ ಶಂಭುಲಿಂಗಪ್ಪನವರ ಕೊಟ್ಟಿಗೆಯಲ್ಲಿ ಸಗಣಿ ರಾಶಿ ಬಿದ್ದಿತ್ತು.

“ಇವತ್ತು ಆಗಾಕಿಲ್ಲ ಕಣಪ್ಪ. ಶುಕ್ರವಾರ ಲಕ್ಸ್ಮೀನ ಮನೆಯಿಂದ ಈಚೆ ಕಳುಸ್ತಾರಾ?” ಎಂದರು.

“ನಾಳೆ ಬರ್ಲಾ ಯಜಮಾನ್ರೆ?”

“ನಾಳೆ ಬೆರಣಿ ತಟ್ತಾರೆ.”

ಮಂಗಳವಾರವೂ ಇದೇ ಉತ್ತರ. ನಡುವಿನ ದಿನಗಳಲ್ಲಿ ಅವರವರ ತಿಪ್ಪೆಗೆ ಬೇಕು. ಬಿಟ್ಟಿ ಬಿದ್ದಿದ್ದ ಸಗಣಿಗೆ ನಾನು ಬಕೆಟ್ ಹಿಡಿದು ಹೋದದ್ದೇ ಬೆಲೆ ಬಂದುಬಿಟ್ಟಿತ್ತು. ವಾರದೊಳಗೆ ಬಕೆಟ್ ಹಂಡೆಯ ಪಕ್ಕ ಬೋರಲು ಬಿತ್ತು. ಡ್ರಮ್ಮು ಗುಂಡಿಯೊಳಗೆ ಕೂತಿತು, ಏಳಲಿಲ್ಲ. ಬೆಳಿಗ್ಗೆ ಒಂದು ಕಾಫಿ ಕಾದರೆ ಉರಿ ಆರುತ್ತಿತ್ತು.

ಮುದ್ದಮ್ಮ ಮತ್ತೆ ಸೌದೆ ಒಲೆಯ ಮುಂದೆ ಕೂತಳು. ಸಿಲಿಂಡರಿಗೆ ಹೆಸರು ಬರೆಸಿದೆವು, ಸರದಿ ಬರಲಿಲ್ಲ. ರೇಷನ್ ಸೀಮೆಎಣ್ಣೆಯ ಸ್ಟೌ ತಿಂಗಳ ಮೊದಲ ವಾರಕ್ಕೇ ಒಣಗುತ್ತಿತ್ತು. ಚಳಿಗಾಲದ ಹೊತ್ತಿಗೆ ಕೆಮ್ಮು ವಾಪಸ್ ಬಂತು. ಊದುಗೊಳವೆ ಊದುವುದು, ಕೆಮ್ಮುವುದು, ಮತ್ತೆ ಊದುವುದು. ಆಕೆ ಏನೂ ಅನ್ನುತ್ತಿರಲಿಲ್ಲ. ಚನ್ನಾಜಮ್ಮ ಅನ್ನುತ್ತಿದ್ದಳು, ಬೀದಿಗೆಲ್ಲ. “ಮಗನ್ ಬೈಕಿಗೆ ತಾಯಿ ಉಸ್ರು ಕೊಟ್ಟವ್ಳೆ. ಇವ್ನು ಡುರ್ ಅನ್ನುಸ್ಕೊಂಡ್ ಓಯ್ತಾನೆ.”

ನಟರಾಜ ಅದನ್ನು ನಂಬಿದ, ನಾನೂ ನಂಬಿದೆ. ಅವನು ಬೆಳಿಗ್ಗೆ ಬೈಕನ್ನು ಅಂಗಳದಲ್ಲಿ ಸ್ಟಾರ್ಟ್ ಮಾಡುವುದು ಬಿಟ್ಟು, ಬೀದಿ ಕೊನೆಯವರೆಗೆ ತಳ್ಳಿಕೊಂಡು ಹೋಗಿ ಒದೆಯುತ್ತಿದ್ದ. ನಾಕು ದಿನ ನೋಡಿದ ಮುದ್ದಮ್ಮ, “ದಿನಾ ಪೆಟ್ರೋಲ್ ಮುಗೀತದಾ ಅವ್ನ್ದು?” ಎಂದು ನನ್ನನ್ನು ಕೇಳಿದಳು.

ಸಂಕ್ರಾಂತಿ ಕಳೆದ ಮೇಲೆ ನಟರಾಜ ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿಕೊಂಡ. ಕಳಲೆ ಊರಿನವನೊಬ್ಬ ಬೈಕ್ ಕೇಳಿದ್ದಾನೆ, ಕೊಟ್ಟುಬಿಡುತ್ತೇನೆ, ಇನ್ನೊಂದು ಜೊತೆ ಎತ್ತು ತಂದು ಕಟ್ಟುತ್ತೇನೆ ಎಂದ.

“ಕಾಯಂ ಪಟ್ಟಿ ಮುಂದಿನ ತಿಂಗಳು ಬರುತ್ತಲ್ಲೋ.”

“ಬರ್ಲಿ. ಬಸ್ಸಲ್ ಬಂದ್ರೆ ಗೇಟಲ್ಲಿ ನಿಲ್ಲುಸ್ತಾರೆ. ನಿಲ್ಲುಸ್ಕೊಳ್ಳಿ. ಅವ್ವ ಕೆಮ್ಮೋದ್ ಕೇಳಕಾಗಾಕಿಲ್ಲ ನಂಗೆ.”

ಮುಂದಿನ ಭಾನುವಾರ ಕಳಲೆಯವನು ಬಂದ. ಬೈಕಿನಲ್ಲಿ ಒಂದು ಸುತ್ತು ಹೊಡೆದು, ಜಗಲಿಯ ಮೇಲೆ ಕಾಫಿಗೆ ಕಾದು ಕೂತ. ನಟರಾಜ ಕೀಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ತಾಯಿಯನ್ನು ಒಂದು ಮಾತು ಕೇಳಬೇಕು, ಕೇಳಲು ಅವನಿಗೆ ಬಾಯಿಲ್ಲ. ನನ್ನ ಬೆನ್ನಿಗೆ ಮೊಣಕೈಯಲ್ಲಿ ತಿವಿದ. ಒಳಗೆ ಹೊಗೆ ತುಂಬಿತ್ತು. ಮುದ್ದಮ್ಮ ಒಲೆಗೆ ಗರಿ ಮುರಿದು ಹಾಕುತ್ತಿದ್ದಳು.

ಇಂಥ ಮಾತು ಆಡುವುದು ನನಗೆ ಬರುವುದಿಲ್ಲ. ಆದರೂ ಕೇಳಿದೆ. “ದೊಡ್ಡಮ್ಮ, ಇವನ ಬೈಕಿಗೋಸ್ಕರ ಎತ್ತು ಮಾರಿ, ಹಿಂಗೆ ಹೊಗೆ ಕುಡೀತಿದ್ದೀಯಲ್ಲ. ಒಳಗೊಳಗೇ ಇವನ ಮೇಲೆ ಸಿಟ್ಟಿದೆಯಾ? ಬೈಕ್ ಕೊಟ್ಟು ಮತ್ತೆ ಎತ್ತು ತರ್ತಾನಂತೆ.”

ಆಕೆ ಕೆಮ್ಮಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನನ್ನು ದಾಟಿ ಮಗನ ಕೈಯ ಕೀಲಿಯನ್ನು ನೋಡಿದಳು.

“ನಿನ್ ಬೈಕಿಗೆ ಅಂತ ಯಾರ್ಲಾ ಮಾರಿದ್ದು? ನಂಗೆ ಸಗಣಿ ಬಾಚಿ ಬಾಚಿ ಸಾಕಾಗಿತ್ತು. ನಿಮ್ಮಪ್ಪ ತೀರೋದ್ ದಿನ್ವೇ ಮಾರ್ಬುಡವಾ ಅಂತಿದ್ದೆ, ಜನ ಏನಾರ ಅಂದಾರು ಅಂತ ಸುಮ್ಕಿದ್ದೆ. ಇನ್ನೊಂದ್ ಜೊತೆ ತಂದ್ ಕಟ್ಟುದ್ರೆ ನೀನೇ ಬಾಚ್ಕೊ.”