ಅರಿಶಿನ ಹಚ್ಚಿದ ಬಾಣ

ಫೋನು ಬಂದಾಗ ನಾನು ಕಾರು ನಿಲ್ಲಿಸುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕುಂಬಳಕಾಯಿಯ ಕೆಂಪನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಹಿಂದಿನ ದಿನ ನಮ್ಮ ಮನೆಯಲ್ಲಿ ಆಯುಧಪೂಜೆ. ನಿಜವಾದ ಹಬ್ಬ ವಾರದ ನಡುವೆಯೇ ಬಂದು ಹೋಗಿತ್ತು. ಇಲ್ಲಿ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ನಮ್ಮಂಥವರು ಹಬ್ಬಗಳನ್ನೆಲ್ಲ ದೇವರ ಹತ್ತಿರ ತಪ್ಪಾಯಿತೆಂದು ಹೇಳಿ ಶನಿವಾರಕ್ಕೆ ತಳ್ಳಿಕೊಳ್ಳುತ್ತೇವೆ. ಬೂದುಗುಂಬಳ ಸಿಗುವುದಿಲ್ಲ. ಅಕ್ಟೋಬರಿನಲ್ಲಿ ಅಂಗಡಿಗಳ ಮುಂದೆ ರಾಶಿ ಬೀಳುವ ಕಿತ್ತಳೆ ಬಣ್ಣದ ಕಾಯನ್ನೇ ತಂದು, ತಲೆ ಕೊರೆದು, ಒಳಗೆ ಕುಂಕುಮ ಸುರಿದು ಕೊಟ್ಟಿದ್ದೆ. ನನ್ನವರು ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಕಾರಿನ ಮುಂದೆ ಅಪ್ಪಳಿಸಿದ ರಭಸಕ್ಕೆ, ತಿರುಳು ಪಕ್ಕದ ಕಾರಿನ ಬಾಗಿಲಿನವರೆಗೂ ಸಿಡಿದಿತ್ತು. ಚೂರುಗಳನ್ನು ಆರಿಸಿ ಎಸೆದದ್ದಾಗಿತ್ತು. ಕೆಂಪು ಮಾತ್ರ ಡಾಂಬರಿನ ಸಂದಿಯಲ್ಲಿ ಹೆಪ್ಪುಗಟ್ಟಿ ಕೂತಿತ್ತು.

ಫೋನಿನಲ್ಲಿ ನನ್ನವರ ನಂಬರು, ಆದರೆ ದನಿ ಪಕ್ಕದ ಮನೆಯ ಮುದುಕನದು. ನನಗೆ ಸ್ವೀಡಿಷ್ ಅಷ್ಟಾಗಿ ಬಾರದೆಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ನಿನ್ನ ಗಂಡ. ಕೈ. ಬಾಣ. ಅಲ್ಲೇ ಇರು, ಕಾರು ತರ್ತಿದೀನಿ."

ಬ್ರಷ್ಷು ಕೈಯಿಂದ ಬಕೆಟ್ಟಿಗೆ ಬಿತ್ತು. ಯಾವ ಬಾಣವೆಂದು ನಾನು ಕೇಳಲಿಲ್ಲ. ಯಾವುದೆಂದು ನನಗೆ ಗೊತ್ತಿತ್ತು.

ಆ ಮುದುಕ ಕಾರ್ಖಾನೆಯಿಂದ ನಿವೃತ್ತನಾದ ಬೇಟೆಗಾರ. ನಾವು ಬಂದ ಮೊದಲ ವರ್ಷದ ಶರತ್ಕಾಲದಲ್ಲಿ ಅವನ ತಂಡ ಮೂಸ್ ಎಂಬ ಇಲ್ಲಿಯ ಕಾಡುಕಡವೆಯೊಂದನ್ನು ಹೊಡೆದು ತಂದಿತ್ತು. ಎಮ್ಮೆಗಿಂತ ಎತ್ತರದ ಪ್ರಾಣಿ. ಊರಾಚೆಯ ಕೊಟ್ಟಿಗೆಯಲ್ಲಿ ಅದನ್ನು ಹಿಂಗಾಲಿನಿಂದ ನೇತುಹಾಕಿ ಚರ್ಮ ಎಳೆಯುತ್ತಿದ್ದರು. ಒದ್ದೆ ಬಟ್ಟೆ ಹರಿದಂಥ ಸದ್ದು. ನೆಲದ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಂಡಿಗೆ ಬಿದ್ದಿತ್ತು, ಆವಿಯಾಡುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿ ಹೊರಗೆ ಬಂದೆ. ಬೆಂಗಳೂರಿನಲ್ಲಿ ಜಿರಳೆಯನ್ನೂ ಪೇಪರಿನಲ್ಲಿ ಎತ್ತಿ ಕಿಟಕಿಯಾಚೆ ಬಿಡುತ್ತಿದ್ದ ನನ್ನ ಗಂಡ ಮಾತ್ರ ಒಳಗೇ ನಿಂತು ಪೂರ್ತಿ ನೋಡಿ ಬಂದರು.

ಆ ದಿನಗಳಲ್ಲಿ ಅವರೊಳಗೆ ಒಂದು ಸಿಟ್ಟು ಸೇರಿಕೊಂಡಿತ್ತು. ಆಫೀಸಿನಲ್ಲಿ ಏನು ನಡೆಯುತ್ತಿತ್ತೋ ಹೇಳುತ್ತಿರಲಿಲ್ಲ. ಬಂದವರೇ ಬಾಗಿಲು ಬಡಿಯುವರು. ಒಂದು ಸಂಜೆ ಸಾರಿಗೆ ಉಪ್ಪು ಸಾಲದೆಂದು ತಟ್ಟೆಯನ್ನು ಗೋಡೆಗೆ ಎಸೆದರು. ಅದು ನನಗೆ ತಗಲಲಿಲ್ಲ. ತಾಯಿ ದೊಡ್ಡವಳು ಎಂದುಕೊಂಡು ಚೂರು ಗುಡಿಸಿದೆ.

ಮುದುಕ ಅವರ ಕೈಗೆ ಬಿಲ್ಲು ಕೊಟ್ಟಿದ್ದು ಆಮೇಲೆ. ಈಗಿನ ಬಿಲ್ಲುಗಳ ಗಾಲಿ, ಗುರಿ ನೋಡುವ ಕನ್ನಡಿ ಏನೂ ಇಲ್ಲದ ಹಳೆಯ ಕಾಲದ ಮರದ ಬಿಲ್ಲು, ಮರದ ಬಾಣ, ಬಾತುಕೋಳಿಯ ಗರಿ. ಬೆರಳಿಗೆ ಒಂದು ಚರ್ಮದ ತುಂಡು, ಮುಂಗೈಗೆ ಒಂದು ಪಟ್ಟಿ. ಅಷ್ಟೇ ಸಾಮಾನು. ನನ್ನವರಿಗೆ ಮೊದಲ ದಿನವೇ ಗಟ್ಟಿ ಬಿಲ್ಲು ಬೇಕಿತ್ತು. ಮುದುಕ ನಕ್ಕು, ಹೆಂಗಸರು ಕಲಿಯುವ ಹಗುರದ್ದನ್ನು ಕೊಟ್ಟು, "ಮೊದಲು ಇದನ್ನ ನಡುಗದೆ ಎಳಿ, ಆಮೇಲೆ ಪೈಲ್ವಾನ್ ಆಗುವಿಯಂತೆ" ಎಂದಿದ್ದ. ಅಂದಿನಿಂದ ನನ್ನವರ ಬಾಯಲ್ಲಿ ಅವನು 'ಮೇಷ್ಟ್ರು'. ಮೇಷ್ಟ್ರು ಕಲಿಸಿದ ಮೊದಲ ಪಾಠ ಗುರಿಯದಲ್ಲ. ಪ್ರತಿ ಸಲ ಬಿಡುವ ಮುಂಚೆ ಬಾಣದ ಎರಡು ತುದಿ ಹಿಡಿದು ಕಿವಿಯ ಹತ್ತಿರ ಮೆಲ್ಲಗೆ ಬಗ್ಗಿಸಬೇಕು. ಒಳಗೆ ಬಿರುಕಿದ್ದರೆ ಕಿರುಗುಟ್ಟುತ್ತದೆ. ಬಿರುಕು ಬಿಟ್ಟ ಬಾಣವನ್ನು ಬಿಟ್ಟರೆ ಅದು ಮುಂದೆ ಹೋಗುವುದಿಲ್ಲ, ಬಿಲ್ಲು ಹಿಡಿದ ಕೈಯೊಳಗೇ ಹೋಗುತ್ತದೆ.

ಬಾಣ ಬಿಟ್ಟು ಬಂದ ದಿನ ನನ್ನವರು ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಿದ್ದರು. ರಬ್ಬರಿನ ಜಿಂಕೆಯ ಎದೆಗೆ ನೂರು ಸಲ ಹೊಡೆದು ಬಂದು, ಅನ್ನ ಕಲಸಿ ಸುಮ್ಮನೆ ಉಣ್ಣುತ್ತಿದ್ದರು. ಆ ರಬ್ಬರಿನ ಜಿಂಕೆಗೂ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆದರೆ ಈ ಸಲದ ಶರತ್ಕಾಲಕ್ಕೆ ರಬ್ಬರು ಸಾಲದಾಯಿತು. ಈ ದೇಶದಲ್ಲಿ ಬಿಲ್ಲಿನಿಂದ ಬೇಟೆಯಾಡುವಂತಿಲ್ಲ. ಮುದುಕ ಅದಕ್ಕಾಗಿ ಡೆನ್ಮಾರ್ಕಿಗೆ ಹೋಗುತ್ತಿದ್ದ. ಮುಂದೆ ಪರೀಕ್ಷೆ ಪಾಸು ಮಾಡಿ ತಾವೂ ಹೋಗುವುದೆಂದು ನನ್ನವರು ಬೇಟೆಯ ಮೊನೆಗಳನ್ನು ತರಿಸಿದರು. ಮೂರು ಅಲಗಿನವು, ಬ್ಲೇಡಿನಷ್ಟು ಚೂಪು. ಶನಿವಾರ ಬೆಳಿಗ್ಗೆ ನಾನು ಹಾಲಿನಲ್ಲಿ ಮಣೆ ಹಾಕಿ ಲ್ಯಾಪ್‌ಟಾಪು, ಮಿಕ್ಸಿ, ಕಾರಿನ ಕೀ, ಈಳಿಗೆಮಣೆ ಎಲ್ಲ ಜೋಡಿಸಿ, ಬಿಲ್ಲನ್ನೂ ಹನ್ನೆರಡು ಬಾಣಗಳನ್ನೂ ತೆರೆದಿದ್ದ ಬಾಲ್ಕನಿ ಬಾಗಿಲಿನ ಚೌಕಟ್ಟಿಗೆ ಒರಗಿಸಿದ್ದೆ. ಅವರು ಆ ಮೊನೆಗಳ ಡಬ್ಬಿಯನ್ನು ತಂದು ಮಣೆಯ ಮೇಲಿಟ್ಟರು.

"ರೀ, ಅದನ್ನ ಎತ್ತಿಡಿ. ಕೊಲ್ಲೋಕಂತಲೇ ಮಾಡಿದ್ದಕ್ಕೆ ನಾನು ಕುಂಕುಮ ಇಡಲ್ಲ."

"ಆಯುಧಪೂಜೆ ಅಂದ್ರೆ ಮತ್ತೇನೇ? ಮಿಕ್ಸಿನೇ ಆಯುಧಾನಾ? ಈಳಿಗೆಮಣೆ ಏನು ಹೂ ಕಟ್ಟುತ್ತಾ?"

"ಸೋರೆಕಾಯಿ ಕಿರುಚಲ್ಲ."

"ನಿನ್ ಉಪದೇಶ ಕೇಳಿ ಕೇಳಿ ಸಾಕಾಗಿದೆ. ಎಲ್ಲಾರೂ ನನಗೆ ಹೇಳೋರೇ!"

ಡಬ್ಬಿಯನ್ನು ಒದ್ದರು. ಮೊನೆಗಳು ನೆಲದ ತುಂಬ ಚೆಲ್ಲಿದವು, ಒಂದು ನನ್ನ ಪಾದದ ಪಕ್ಕದಲ್ಲೇ ಹಲಗೆಗೆ ನೆಟ್ಟುಕೊಂಡಿತು. ನನಗೂ ಏನೋ ಬಂತು. ಹೋಗಿ ಬಾಲ್ಕನಿಯ ಬಾಗಿಲನ್ನು, ಆ ಭಾರದ ಬಾಗಿಲನ್ನು, ಎರಡೂ ಕೈಯಲ್ಲಿ ಬಡಿದು ಮುಚ್ಚಿದೆ. ಟಿಕ್ ಎಂದು ಒಂದು ಸದ್ದು. ಒಂದು ಬಾಣ ಜಾರಿ ಬಾಗಿಲ ಸಂದಿಗೆ ಸಿಕ್ಕಿತ್ತು.

ಬಿಡಿಸಿ ತೆಗೆದು ನೋಡಿದೆ. ಗರಿಯ ಕೆಳಗೆ ಕೂದಲೆಳೆಯಂಥ ಗೆರೆ. ಮರದ ಎಳೆಯೇ ಇರಬೇಕೆಂದುಕೊಂಡೆ. ಅಂದುಕೊಳ್ಳಬೇಕಿತ್ತು, ಅಂದುಕೊಂಡೆ. ಇನ್ನೊಂದು ಜಗಳಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ. ಅರಿಶಿನ ಕಲಸಿ ಎಲ್ಲ ಬಾಣಗಳಿಗೂ ಗರಿಯ ಕೆಳಗೆ ಒಂದೊಂದು ಪಟ್ಟೆ ಬಳಿದು ಕುಂಕುಮ ಇಟ್ಟೆ. ಆ ಒಂದಕ್ಕೆ ಪಟ್ಟೆ ತುಸು ಅಗಲವಾಯಿತು.

ಭಾನುವಾರ ಅವರು ಹೊರಟಾಗ, ಬಾಗಿಲಲ್ಲೇ ನಿಂತು ಒಂದು ಬಾಣವನ್ನು ಬಗ್ಗಿಸಹೋದರು. ಅರಿಶಿನ ಉದುರಿತು. "ಪೂಜೆ ಮಾಡಿದ್ದನ್ನ ಹಾಗೆ ಮುರಿಯೋ ಹಾಗೆ ಹಿಡೀಬೇಡಿ, ಇವತ್ತೊಂದಿನ" ಎಂದೆ. ನಿನ್ನೆಯ ಜಗಳದ ನಾಚಿಕೆಗೋ ಏನೋ, "ಆಯ್ತಮ್ಮಾ" ಎಂದು ಹೋದರು.

ಮುದುಕನ ಕಾರು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ನನ್ನವರು ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು, ಕೈ ತಮ್ಮದಲ್ಲವೆಂಬಂತೆ. ಅರ್ಧ ಬಾಣ ಮಣಿಕಟ್ಟಿನ ಹತ್ತಿರ ಹೊಕ್ಕು ಹೆಬ್ಬೆರಳಿನ ಬುಡದಲ್ಲಿ ಹೊರಬಂದಿತ್ತು. ಹಿಂದೆ ಗರಿ, ಮುಂದೆ ಸಿಗಿದ ಮರದ ಹಲ್ಲುಗಳು. ಮುದುಕ ಎರಡೂ ಕಡೆ ಟವೆಲು ಸುತ್ತಿದ್ದ. ಅದು ನೆನೆದು ತೊಟ್ಟಿಕ್ಕಿ ಅವರ ಪ್ಯಾಂಟಿನ ಮೇಲೆ, ಸೀಟಿನ ಮೇಲೆ ಇಳಿಯುತ್ತಿತ್ತು. ಗರಿಯ ಕೆಳಗೆ ನನ್ನ ಅರಿಶಿನ, ರಕ್ತದಲ್ಲಿ ಕದಡಿ ಇಟ್ಟಿಗೆಯ ಬಣ್ಣ.

"ಕೀಳ್ತೀನಿ ಅಂದೆ. ಮೇಷ್ಟ್ರು ಕಪಾಳಕ್ಕೆ ಹೊಡೆದ್ರು ಕಣೇ, ನಿಜವಾಗ್ಲೂ" ಎಂದು ನಗಲು ಹೋದರು. ಹಲ್ಲು ಕಟಕಟ ಎಂದವು.

ಮುದುಕ ಕಾರು ಓಡಿಸುತ್ತ ಸ್ಟೇರಿಂಗನ್ನು ಗುದ್ದುತ್ತಿದ್ದ. "ಬಗ್ಗಿಸಿ ನೋಡಿದ್ಯಾ? ಮೊದಲ ದಿನ ಏನು ಹೇಳಿದ್ದೆ? ನೋಡಿದ್ಯಾ ಅಂತ ಕೇಳ್ತಿದೀನಿ!"

ನನ್ನವರು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದರು. "ಇಲ್ಲ. ಮರೆತೆ" ಎಂದರು.

ಹಿಂದಿನ ಸೀಟಿನಲ್ಲಿ ನಾನು ಉಳಿದುಕೊಂಡದ್ದನ್ನು ಎಣಿಸುತ್ತ ಬೆರಳು ಮಡಚುತ್ತಿದ್ದೆ. ಕಣ್ಣಲ್ಲ. ಕುತ್ತಿಗೆಯಲ್ಲ. ಉಣ್ಣುವ ಕೈಯಲ್ಲ. ಮುಂದಿನ ಬೆರಳಿಗೆ ಏನೂ ಸಿಗಲಿಲ್ಲ. ಅದನ್ನು ಹಿಡಿದುಕೊಂಡೇ ಕೂತೆ.

ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸುವಾಗ ಡಾಕ್ಟರಮ್ಮ ಆ ಹಳದಿಯನ್ನು ಬೆರಳಲ್ಲಿ ತೋರಿಸಿ, ಬಾಣಕ್ಕೆ ವಿಷ ಹಚ್ಚಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತಮಾಷೆಗಲ್ಲ. "ಅಡುಗೆಗೆ ಹಾಕ್ತೀವಿ. ದೇವರಿಗೂ" ಎಂದೆ. ಅವಳು ಬರೆದುಕೊಂಡಳು. ಸ್ನಾಯುವಿನ ಹಗ್ಗಗಳು ತುಂಡಾಗಿದ್ದರೆ ಹೆಬ್ಬೆರಳು ಮತ್ತೆ ಮಡಚದು, ಒಳಗೆ ನೋಡದೆ ಏನೂ ಹೇಳಲಾಗದು ಎಂದಳು. ಬಾಗಿಲು ಮುಚ್ಚುವ ಮೊದಲು ಅವರು ಒಮ್ಮೆ ಅರಚಿದ್ದು ಕೇಳಿತು. ಮದುವೆಯಾದಂದಿನಿಂದ ಅವರ ಎಲ್ಲ ಕೂಗುಗಳನ್ನೂ ಕೇಳಿದ್ದೆ. ಅದು ಆ ಜಾತಿಯದಲ್ಲ. ಕಡವೆಯೊಂದು ಸಾಯುವಾಗ ಹೀಗೇ ಕೂಗುತ್ತದೇನೋ ಅನ್ನಿಸಿತು.

ಮಧ್ಯಾಹ್ನವೆಲ್ಲ ಮುದುಕ ನನ್ನ ಪಕ್ಕದಲ್ಲೇ ಕೂತಿದ್ದ. ಕಾಫಿ ತಂದುಕೊಟ್ಟ. ನನ್ನ ಹತ್ತಿರ ಹೇಳಿಕೊಳ್ಳಲು ಸ್ವೀಡಿಷ್ ಇರಲಿಲ್ಲ. ಇದ್ದಿದ್ದರೂ ಮೊದಲು ಹೇಳಬೇಕಾದ್ದು ಅವನಿಗಲ್ಲ. ಹೆಬ್ಬೆರಳು ಉಳಿಸು ತಾಯಿ, ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದು ಹರಕೆ ಹೊತ್ತೆ.

ಒಳಗೆ ಬಿಟ್ಟಾಗ ಅವರು ಗೋಡೆಗೆ ಒರಗಿ ಕೂತಿದ್ದರು. ಒಂದು ಹಗ್ಗ ಅರ್ಧ ಹರಿದಿತ್ತಂತೆ, ಹೊಲಿದಿದ್ದರು. ಬ್ಯಾಂಡೇಜಿನ ತುದಿಯಲ್ಲಿ ಹೆಬ್ಬೆರಳಿನ ಉಗುರು ಕಾಣುತ್ತಿತ್ತು. "ನೋಡು" ಎಂದರು. ಅದು ಒಂದು ಭತ್ತದ ಕಾಳಿನಷ್ಟು ಅಲುಗಿತು.

ನಾನು ಹೇಳಿದೆ. ಬಾಗಿಲು, ಟಿಕ್ಕೆಂದ ಸದ್ದು, ಗೆರೆ, ಅದರ ಮೇಲೆ ಬಳಿದ ಪಟ್ಟೆ.

ಅವರ ಬಲಗೈ ಮುಷ್ಟಿ ಕಟ್ಟಿತು. ತಟ್ಟೆ ಎಸೆದ ಕೈ ಅದು. ನಾನು ಹಿಂದೆ ಸರಿಯಲಿಲ್ಲ, ಹೊಡೆದರೆ ಹೊಡೆಯಲಿ ಎಂದೇ ನಿಂತಿದ್ದೆ.

"ಗೆರೆ ನೋಡಿದ್ದೆ ತಾನೆ?"

"ನೋಡಿದ್ದೆ."

"ಯಾಕೆ ಹೇಳ್ಲಿಲ್ಲ?"

"ನಿಮ್ಮ ಭಯಕ್ಕೆ."

ಮುಷ್ಟಿ ಬಿಚ್ಚಿತು. ಆ ಕೈಯನ್ನೇ ನೋಡುತ್ತ ಕೂತರು. ಆಮೇಲೆ, "ಮದುವೆಯಾದಾಗಿಂದ ನೀನು ಹೇಳಿದ್ದು ಒಂದಾದ್ರೂ ಕೇಳಿದೀನಾ? ಬಗ್ಗಿಸಬೇಡಿ ಅಂದೆ, ಅದೊಂದು ಕೇಳ್ದೆ ನೋಡು" ಎಂದರು. ಮುಖ ನನ್ನ ಕಡೆ ತಿರುಗಿಸಲಿಲ್ಲ. ರಾತ್ರಿ ಮುದುಕ ನಮ್ಮನ್ನು ಮನೆಗೆ ತಂದು ಬಿಟ್ಟ.

ಸೋಮವಾರ ಬೆಳಿಗ್ಗೆ ನೆಲದ ಮೇಲೆ ಪೇಪರು ಹಾಸಿ, ಉಳಿದ ಹನ್ನೊಂದು ಬಾಣಗಳನ್ನು ಹರಡಿಕೊಂಡು ಕೂತಿದ್ದರು. ಬಗ್ಗಿಸಲು ಎರಡು ಕೈ ಬೇಕು.

"ಬಾ ಇಲ್ಲಿ. ನೀನು ಬಗ್ಗಿಸು. ನಾನು ಕೇಳಿಸ್ಕೋತೀನಿ."

"ಇನ್ನೂ ಬಿಡ್ತೀರಾ ಇದನ್ನ?"

"ಗೊತ್ತಿಲ್ಲ. ಮೊದಲು ಇದು ಗೊತ್ತಾಗ್ಲಿ."

ಎದುರು ಮಂಡಿಯೂರಿ ಕೂತು ಒಂದೊಂದನ್ನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಅರಿಶಿನ ಹೋಗಿ ಬರಿಯ ಮರ ಕಂಡಿತು. ಎರಡು ತುದಿ ಹಿಡಿದು ಅವರ ಕಿವಿಯ ಹತ್ತಿರ ಮೆಲ್ಲಗೆ ಬಗ್ಗಿಸಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಆರನೆಯದು ಕಿರುಗುಟ್ಟಿತು, ನನಗೂ ಕೇಳಿತು. ಅದೂ ಆ ಬಾಗಿಲಿಗೆ ಸಿಕ್ಕಿದ್ದೋ, ಮೊದಲಿಂದ ಹಾಗಿತ್ತೋ ದೇವರೇ ಬಲ್ಲ. ಅವರು ಅದನ್ನು ಪಾದದಡಿ ಇಟ್ಟು ತುಳಿದು ಮುರಿದರು. ಬೇಟೆಯ ಮೊನೆಗಳ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿ, "ಇದನ್ನ ಮೇಷ್ಟ್ರಿಗೆ ಕೊಟ್ಟು ಬಾ" ಎಂದರು.

ಕೊಟ್ಟು ಕೆಳಗಿಳಿದಾಗ ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ಈ ಊರಿನವರು ಮುಖ ನೋಡಿ ಬೈಯುವುದಿಲ್ಲ, ಚೀಟಿ ಬರೆಯುತ್ತಾರೆ. ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಪ್ರಾಣಿ ಕೊಯ್ದಿದ್ದಾರೆ, ದಯವಿಟ್ಟು ರಕ್ತ ತೊಳೆಯಿರಿ ಎಂದಿತ್ತು. ನನ್ನ ಬಕೆಟ್ಟು ಬಿಟ್ಟಲ್ಲೇ ಇತ್ತು. ರಾತ್ರಿಯ ಚಳಿಗೆ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅದನ್ನು ಬ್ರಷ್ಷಿನಿಂದ ಒಡೆದು, ಸೀರೆ ಮೇಲಕ್ಕೆ ಸಿಕ್ಕಿಸಿ, ಮತ್ತೆ ಉಜ್ಜಲು ಕೂತೆ.